ಎರಡು ಕರ್ಣ

ಶನಿವಾರ ಎಂಟೂವರೆಗೆ ಬಂದ ಹೆನಾರೆ.
ಬಂದವನೇ ಟ್ರೈಲರಿನ ಹಗ್ಗ ಬಿಚ್ಚತೊಡಗಿದ.
ಕಿಯಾ ಓರಾ ಇಲ್ಲ. ಗಾಳಿ ಮಳೆಯ ಮಾತೂ ಇಲ್ಲ.
ಅಪ್ಪನ ದೋಣಿಯನ್ನು ನಾನು ಮಾರಿದ ವರ್ಷದಿಂದ
ಅಣ್ಣ ತಮ್ಮಂದಿರ ಮಾತೆಲ್ಲ
ಅತ್ತಿಗೆ ಐಲ್ಸಾಳ ಬಾಯಿಂದಲೇ ಹೋಗಿ ಬರುವುದು.
ಇವತ್ತು ಇವನನ್ನು ಅಟ್ಟಿದವಳೂ ಅವಳೇ ಇರಬೇಕು.
ನೆಲದ ಹಲಗೆ ಒಬ್ಬನೇ ಹೊಡೆದಿದ್ದೆ, ಆಯಿತು.
ಗೋಡೆ ಎಬ್ಬಿಸಲು ಇಬ್ಬರು ಬೇಕು.

ಹಳೆಯ ಶೆಡ್ಡು ಆಗಸ್ಟಿನ ಗಾಳಿಗೆ ಹೋಯಿತು,
ಅದರ ಮಾಡು ಮೆಕ್ರಾಸ್ಟಿಯವರ ಕುರಿಗಳ ನಡುವೆ ಸಿಕ್ಕಿತು.
ಜಲಸಂಧಿಯಿಂದ ಬೀಸುವ ಈ ಗಾಳಿಗೆ
ಅಪರಿಮದಲ್ಲಿ ಮರಗಳೂ
ಬೆನ್ನು ತಿರುಗಿಸಿಕೊಂಡೇ ಬೆಳೆಯುತ್ತವೆ.
ನಿಮ್ಮ ಮನೆತನದ ಹಾಗೆ, ಎಂದಿದ್ದಳು ಐಲ್ಸಾ ಒಮ್ಮೆ.

ಪೈನಿನ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ
ಬಂದೂಕಿನ ಹಾಗೆ ಕಣ್ಣಿಗೆ ಹಿಡಿದ.
ಮರದ ಗೂನು ಎತ್ತ ಇದೆ ನೋಡಿ
ಅತ್ತ ಒಂದು ಬಾಣ ಬರೆದ.
ನೆಟ್ಟಗಿರುವ ಮರ ಅಂತ ಇರುವುದಿಲ್ಲ,
ಗೂನುಗಳೆಲ್ಲ ಒಂದೇ ಕಡೆಗಿದ್ದರೆ ಗೋಡೆಗೆ ಸಾಕು.
ಇದನ್ನು ಅವನು ಹೇಳಲಿಲ್ಲ.
ನಾವು ಹುಡುಗರಾಗಿದ್ದಾಗ ಅಪ್ಪ ಹೇಳಿದ್ದು.

ಮಿಲ್ಲಿನ ಗರಗಸ ಕೆಡಿಸಿದ ಎಡಗಿವಿಯ ಹಿಂದೆ ಪೆನ್ಸಿಲು.
ನಾನು ಬಲಕ್ಕೆ ನಿಂತೆ, ಕೇಳಿಸಲೆಂದು.

ಕೆಳಗೊಂದು ಅಡ್ಡಪಟ್ಟಿ, ಮೇಲೊಂದು,
ಎರಡಡಿಗೊಂದು ಕಂಬ.
ಕಂಬ ಕಂಬದ ನಡುವೆ ಒಂದು ಗಿಡ್ಡ ತುಂಡು, ಡ್ವಾಂಗ್.
ಭಾರ ಹೊರುವುದಿಲ್ಲ ಅದು.
ಎರಡೂ ಕಡೆಯವರು ತಿರುಚಿಕೊಳ್ಳದ ಹಾಗೆ
ನಡುವೆ ಸಿಕ್ಕಿಕೊಂಡಿರುತ್ತದೆ, ಅಷ್ಟೆ.
ಸಂಜೆ ಐಲ್ಸಾಗೆ ಫೋನು ಮಾಡಬೇಕು ಅಂದುಕೊಂಡೆ.

ಮೊಳೆಗೆ ಅವನ ಏಟು ಮೂರು, ನನ್ನದು ಐದು.

'ಹಿಡಿ.'
'ಹಿಡಿದೆ.'
'ನಿನ್ನ ಕಡೆಗೆ.'
'ಇಷ್ಟು?'
'ಇನ್ನೊಂದು ಕೂದಲೆಳೆ.'
'ಈಗ?'
'ಸಾಕು.'
ಎರಡು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ ನಾವು.

ಮಲಗಿದ ಚೌಕಟ್ಟಿಗೆ ಟೇಪು ಹಿಡಿದೆವು, ಮೂಲೆಯಿಂದ ಮೂಲೆಗೆ.
ಒಂದು ಕರ್ಣ ಇನ್ನೊಂದಕ್ಕಿಂತ ಬೆರಳಷ್ಟು ಉದ್ದ.
ಉದ್ದದ ಮೂಲೆಯನ್ನು ಸುತ್ತಿಗೆಯಿಂದ ತಟ್ಟಿದ,
ಸಿಟ್ಟಿಲ್ಲದೆ, ಕೂಸಿಗೆ ತೇಗು ಬರಿಸುವ ಹಾಗೆ.
ಅಳೆದೆವು. ಮತ್ತೆ ತಟ್ಟಿದ.
ಉದ್ದದ್ದು ಇಳಿದಷ್ಟೂ ಗಿಡ್ಡದ್ದು ಏರಿ
ನಡುವೆಲ್ಲೋ
ಇಬ್ಬರ ಬಾಯಲ್ಲೂ ಒಂದೇ ಸಂಖ್ಯೆ ಬಂತು.

ಎತ್ತಿದೆವು. ಗೋಡೆ ಎದ್ದು ನಿಂತಿತು,
ಅದರ ನೆರಳು ಹುಲ್ಲಿನ ಮೇಲೆ ಏಣಿಯಾಗಿ ಮಲಗಿತು.
ರಸಮಟ್ಟದ ಗುಳ್ಳೆ ಅತ್ತಿತ್ತ ನೋಡಿ ನಡುವೆ ಕೂತಿತು.
ಗಾಳಿ ಒಮ್ಮೆ ಒರಗಿ ನೋಡಿತು.
ಓರೆಯಾಗಿ ಊರುಗೋಲು ಹೊಡೆದೆವು.

ಹೀಗೇ ಮೂರು.

ನಾಲ್ಕನೆಯದು ಉತ್ತರದ್ದು, ಬಿಸಿಲು ಬರುವ ಕಡೆ.
ಬೌಲಿಂಗ್ ಕ್ಲಬ್ಬು ಕೆಡವಿದಾಗ ತಂದಿಟ್ಟಿದ್ದ ಕಿಟಕಿಗೆ
ನಾನು ಬಿಟ್ಟ ಕಿಂಡಿ ಅರ್ಧ ಬೆರಳು ಕಿರಿದು.
ಕಿಟಕಿ ನೋಡಿದ, ಕಿಂಡಿ ನೋಡಿದ, ನನ್ನನ್ನು ನೋಡಿದ.
ದೋಣಿ ಮಾರುವಾಗಲೂ ಹೀಗೇ ಅಳೆದಿದ್ದೆ,
ಆತುರದಲ್ಲಿ, ಒಂದೇ ಸಲ.
ಏನೂ ಅನ್ನದೆ ಗರಗಸ ತೆಗೆದುಕೊಂಡ.

ಆಗ ಬಂತು ಪೀವಾಕವಾಕ,
ಬೀಸಣಿಗೆ ಬಾಲದ ಮುಷ್ಟಿಗಾತ್ರದ ಹಕ್ಕಿ,
ಕಂಬಗಳ ನಡುವೆ ನುಗ್ಗಿ, ಡ್ವಾಂಗಿನ ಮೇಲೆ ಕೂತು,
ತಲೆಯ ಸುತ್ತ ಕಿಚಪಿಚ ಎಂದು ತಿರುಗಿತು.
ಅದು ಮನೆಯೊಳಗೆ ಬಂದರೆ ಸಾವು ಬರುತ್ತದೆಂದು
ನಮ್ಮಜ್ಜಿ ಸೆಕೆಯಲ್ಲೂ ಕಿಟಕಿ ತೆರೆದವಳಲ್ಲ.
ಇಬ್ಬರೂ ಕೈಲಿದ್ದುದನ್ನು ಕೆಳಗಿಟ್ಟೆವು.

'ಹಲಗೆ ಹೊಡೆದಿಲ್ಲ, ಮಾಡಿಲ್ಲ,' ಎಂದ ಹೆನಾರೆ ಕೊನೆಗೆ,
'ಇದು ಒಳಗೋ, ಹೊರಗೋ?'
'ಒಳಗಿಡುವುದು ಹುಲ್ಲು ಕತ್ತರಿಸುವ ಮಶೀನು,' ಎಂದೆ,
'ಅದು ಸತ್ತು ಆಗಲೇ ವರ್ಷವಾಯಿತು.'
ಅವನ ಗಂಟಲಲ್ಲಿ ಏನೋ ಗರಗರ ಎಂದಿತು,
ನಗುವೋ, ಮರದ ಪುಡಿಯೋ.

ಹಕ್ಕಿ ಹೋಯಿತು,
ಎಲ್ಲ ಕಡೆ ತೆರೆದಿದ್ದರೂ
ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ.

'ದೋಣಿ ಈಗ ಯಾರ ಹತ್ತಿರ ಇದೆ?'
ಗರಗಸದ ಹಲ್ಲು ನೋಡುತ್ತ ಕೇಳಿದ.
ಹೇಳಿದೆ.
'ಬಣ್ಣ ಬದಲಾಯಿಸಿದ್ದಾರಾ?'
'ಹಸಿರು.'
ಸ್ವಲ್ಪ ಹೊತ್ತು ಬಿಟ್ಟು,
'ಹಿಡಿ,' ಎಂದ.
ಹಿಡಿದೆ.